ಗಂಟಲಲ್ಲಿ ನೆಲೆಸಿದ ಅವ್ವ

"ಎತ್ತಬೇಡ ಕಣಮ್ಮಿ, ಎತ್ತಬೇಡ! ಅವ್ವ ಮಾತಾಡ್ತಾವ್ಳೆ!"

ಭಾಗ್ಯಮ್ಮನ ಎರಡೂ ಕೈ, ದಿನವಿಡೀ ಕೂತು ದಣಿದು ಸಂಜೆಗೆ ಎಂದಿನಂತೆ ಜಾರಿದ್ದ ಮಾವ ಚಿಕ್ಕಬೈರಪ್ಪನ ಕಂಕುಳ ಕೆಳಗೆ ಹೊಕ್ಕಿದ್ದವು. ಹಿಂದಿನಿಂದ ಈಶ್ವರಮ್ಮ ಸೆರಗು ಹಿಡಿದು ಜಗ್ಗಿದ ರಭಸಕ್ಕೆ ಅವಳು ಹಾಗೆಯೇ ಮಂಚದ ಅಂಚಿಗೆ ಕುಸಿದಳು. ದೀಪ ಹಚ್ಚುವ ಹೊತ್ತು. ಬಾಗಲಗುಂಟೆಯ ಆ ಹಂಚಿನ ಮನೆಯ ನಡುಕೋಣೆಯಲ್ಲಿ ಇನ್ನೂ ಬೆಳಕು ಹಾಕಿರಲಿಲ್ಲ. ಪೀಣ್ಯದ ಕಾರ್ಖಾನೆಗಳ ಸಂಜೆಯ ಸೈರನ್ನುಗಳು ಒಂದರ ಹಿಂದೊಂದು ಕೂಗಿ ನಿಂತಿದ್ದವು. ಅವು ನಿಂತ ಮೇಲೆ ಉಳಿಯುವ ಒಂದು ಬಗೆಯ ಟೊಳ್ಳು ಮನೆಯೊಳಗೆಲ್ಲ ತುಂಬಿಕೊಂಡಿತ್ತು. ಆ ಟೊಳ್ಳಿನಲ್ಲಿ ಅದು ಮತ್ತೆ ಕೇಳಿಸಿತು.

"ಹ್ಞೂಂ..."

ಚಿಕ್ಕಬೈರಪ್ಪನ ಬಾಯಿ ಮುಚ್ಚಿಯೇ ಇತ್ತು. ತುಟಿ ಅಲುಗಲಿಲ್ಲ. ಎದೆಯ ಒಳಗಿಂದ, ಎಲ್ಲೋ ಆಳದಿಂದ, ಬಾವಿಗೆ ಬಗ್ಗಿ ಕೂಗಿದವರಿಗೆ ಒಳಗಿದ್ದವರು ತಡವಾಗಿ ಓಗೊಟ್ಟ ಹಾಗೆ ಆ ಸದ್ದು ಎದ್ದು ಬಂದಿತ್ತು. ಮುದುಕಿಯೊಬ್ಬಳು ನಿದ್ದೆಗಣ್ಣಿನಲ್ಲಿ ಹೂಂಗುಟ್ಟಿದಂತೆ! ಭಾಗ್ಯಮ್ಮನ ತೋಳಿನ ಮೇಲೆ ಮುಳ್ಳೆದ್ದಿತು. ಆದರೂ ಅವಳು ಸೆರಗು ಬಿಡಿಸಿಕೊಂಡು ಮಾವನನ್ನು ಎತ್ತಿ ನೆಟ್ಟಗೆ ಕೂರಿಸಿ, ಬೆನ್ನಿಗೆ ಹುಲ್ಲು ತುಂಬಿದ ಗೋಣಿಚೀಲ ಒತ್ತರಿಸಿದಳು. ಸದ್ದು ನಿಂತಿತು.

"ಮುಚ್ಚಿಬಿಟ್ಯಾ ಅವ್ವನ ಬಾಯ? ನಿಂಗೀಗ ಸಮಾಧಾನವಾಯ್ತಾ?" ಈಶ್ವರಮ್ಮ ನೆಲಕ್ಕೆ ಕೂತು ಹಣೆ ಚಚ್ಚಿಕೊಂಡಳು. "ಎಂಥಾ ಸೊಸೆ ತಂದ್ಯೋ ನನ್ನಪ್ಪ! ಬದುಕಿರೋರ್ಗೂ ಅನ್ನ ಇಲ್ಲ, ಸತ್ತೋರ್ಗೂ ಮಾತಿಲ್ಲ!"

ಈಶ್ವರಮ್ಮ ಚಿಕ್ಕಬೈರಪ್ಪನ ಅಕ್ಕ. ಭಾಗ್ಯಮ್ಮನ ಗಂಡ ಗೋಪಾಲಪ್ಪನಿಗೆ ಸೋದರತ್ತೆ, ಭಾಗ್ಯಮ್ಮನ ಬಾಯಲ್ಲಿ ದೊಡ್ಡಮ್ಮ. ಚಿಕ್ಕಬೈರಪ್ಪ ಅಂಬೆಗಾಲಿಡುವಾಗಲೇ ಅವರ ತಾಯಿ ಗಂಟಲು ಕಟ್ಟಿ, ತುತ್ತು ಇಳಿಯದೆ, ಹಸಿದುಕೊಂಡೇ ಸತ್ತಿದ್ದಳಂತೆ. ಆಗಿನ್ನೂ ಲಂಗ ಉಡುತ್ತಿದ್ದ ಈಶ್ವರಮ್ಮನೇ ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟು ಬೆಳೆಸಿದವಳು. ಮದುವೆಯಾಗಿ ಹೋಗಿ, ಮುಂಡೆಯಾಗಿ ಮರಳಿ ಬಂದ ಮೇಲೂ ಅವಳೇ ತಮ್ಮನಿಗೆ ಬಡಿಸುತ್ತಿದ್ದಳು. ತಮ್ಮನ ಹೆಂಡತಿ ಬದುಕಿದ್ದಷ್ಟು ಕಾಲವೂ ಆ ಸೌಟು ಮುಟ್ಟಿರಲಿಲ್ಲ. ಈಗ ಆ ಸೌಟನ್ನು ಆಸ್ಪತ್ರೆಯವರು ಅವಳ ಕೈಯಿಂದ ಕಿತ್ತು ನಿನ್ನೆ ಮೊನ್ನೆ ಬಂದ ಈ ಹುಡುಗಿಯ ಕೈಗೆ ಕೊಟ್ಟುಬಿಟ್ಟಿದ್ದರು.

ಆ ವರ್ಷ ಯುಗಾದಿ ಕಳೆದ ಮೇಲೆ ಚಿಕ್ಕಬೈರಪ್ಪನಿಗೆ ಎದೆಗೂಡಿನ ಕೆಳಗೆ ತುತ್ತು ನಿಲ್ಲತೊಡಗಿತ್ತು. ಮೊದಲು ಗಟ್ಟಿ ಪದಾರ್ಥ, ಆಮೇಲೆ ಅನ್ನ, ಕಡೆಗೆ ನೀರು. ಕ್ಯಾನ್ಸರ್ ಎಂದರು. ದಿನಾ ಬಸ್ಸು ಹತ್ತಿಸಿಕೊಂಡು ಹೋಗಿ ರೇಡಿಯೇಷನ್ನಿನ ಕರೆಂಟು ಕೊಡಿಸಿಕೊಂಡು ಬಂದರು. ಗಡ್ಡೆ ಕರಗಿತು, ಆದರೆ ಕರೆಂಟಿನ ಕಾವಿಗೆ ಅನ್ನನಾಳವೇ ಒಣಗಿದ ಕಾಯಿಯ ಹಾಗೆ ಮುರುಟಿಕೊಂಡಿತು. ಆಗ ಹುಬ್ಬಳ್ಳಿ ಕಡೆಯ ಆ ಎಳೆಯ ಡಾಕ್ಟರು, ಮೇಲೆ ಆಲಿಕೆಯಂತೆ ಅಗಲವಾಗಿ ಕೆಳಗೆ ಕಿರುಬೆರಳು ಹೋಗುವಷ್ಟು ಸಣ್ಣಗಿದ್ದ ಒಂದು ರಬ್ಬರಿನ ಕೊಳವೆ ತೋರಿಸಿ, "ಇದನ್ನ ಒಳಗ ಕೂಡಸ್ತೀವ್ರಿ. ಇನ್ನ ಇವರ ಊಟ ಎಲ್ಲಾ ಇದರಾಗ ಹಾದು ಹೋಗಬೇಕು" ಎಂದಿದ್ದರು. ಕೂರಿಸಿದ ಮೇಲೆ ಭಾಗ್ಯಮ್ಮನನ್ನು ಹತ್ತಿರ ಕರೆದು ತಾವೇ ಎಲ್ಲ ಹೇಳಿಕೊಟ್ಟರು. ಚಪಾತಿ, ಬ್ರೆಡ್ಡು, ನಾರಿನ ತರಕಾರಿ, ಮಾಂಸ ಕೂಡದು. ಮೆತ್ತಗಿದ್ದದ್ದನ್ನು ಕೊಡಬೇಕು. ಉಂಡ ಮೇಲೆ ಒಂದೆರಡು ಗುಟುಕು ಸೋಡಾ ಕುಡಿಸಿದರೆ ಕೊಳವೆ ತೊಳೆದುಕೊಳ್ಳುತ್ತದೆ. ಮತ್ತು ಎಲ್ಲಕ್ಕಿಂತ ಮುಖ್ಯ, ಮಲಗಿಸಬಾರದು.

"ಯಾಕ್ ಸಾರ್?" ಎಂದು ಕೇಳಿದ್ದಳು ಭಾಗ್ಯಮ್ಮ.

"ಅನ್ನನಾಳಕ್ಕೂ ಹೊಟ್ಟಿಗೂ ನಡುವ ದೇವರು ಒಂದು ಬಾಗಲಾ ಇಟ್ಟಾನಮ್ಮ. ಈ ಕೊಳವಿ ಆ ಬಾಗಲಾ ತೆರದ ಹಿಡೀತದ. ಹೋಗೋದಕ್ಕೂ ತಡಿಯಿಲ್ಲ, ಬರೋದಕ್ಕೂ ತಡಿಯಿಲ್ಲ. ಮಲಗಿದ್ರ ಹೊಟ್ಟ್ಯಾಗಿನ ಗಾಳಿ, ನೀರು ಎಲ್ಲಾ ಮ್ಯಾಲ ಬಂದು ಎದಿಗೆ ಇಳೀತದ. ಗುಡುಗುಡು ಸಪ್ಪಳಾ ಬಂತಂದ್ರ ಎಬ್ಬಿಸಿ ಕೂಡಸ್ರಿ."

ಈಶ್ವರಮ್ಮ ಅಲ್ಲೇ ಗೋಡೆಗೆ ಒರಗಿ ನಿಂತಿದ್ದಳು. ಡಾಕ್ಟರು ಹೇಳಿದ್ದರಲ್ಲಿ ಅವಳ ಕಿವಿಗೆ ಬಿದ್ದದ್ದು ಒಂದೇ ಮಾತು... ಬರೋದಕ್ಕೂ ತಡೆಯಿಲ್ಲ.

ಅವಳಿಗೆ ಹಾಗೆ ಅನ್ನಿಸಲು ಕಾರಣವೂ ಇತ್ತು. ಅವರವ್ವನನ್ನು ಮಣ್ಣು ಮಾಡಿದ್ದು ಸ್ವಂತ ಹೊಲದ ಬದುವಿನಲ್ಲಿ, ಒಂದು ಹೊಂಗೆ ಮರದ ಬುಡದಲ್ಲಿ. ಕೈಗಾರಿಕಾ ಪ್ರದೇಶಕ್ಕೆಂದು ಸರ್ಕಾರ ಹೊಲ ತೆಗೆದುಕೊಂಡಾಗ ಮರ ಹೋಯಿತು, ಬದು ಹೋಯಿತು, ಅವ್ವನ ಗುಡ್ಡೆಯೂ ಹೋಯಿತು. ಈಗ ಅಲ್ಲಿ ತಗಡಿನ ಶೆಡ್ಡು ಎದ್ದಿದೆ. ಒಳಗೆ ಯಾವುದೋ ದೊಡ್ಡ ಯಂತ್ರ ಹಗಲೆಲ್ಲ ಧಡ್... ಧಡ್... ಎಂದು ನೆಲಕ್ಕೆ ಗುದ್ದುತ್ತದೆ. ಊರಿನ ಬೀದಿಯಲ್ಲಿ ಬರಿಗಾಲಲ್ಲಿ ನಿಂತರೆ ಆ ಗುದ್ದು ಅಂಗಾಲಿಗೆ ತಿಳಿಯುತ್ತದೆ. "ತಲೆ ಮ್ಯಾಲೆ ಅಂಗೆ ಕುಟ್ತಾವ್ರಲ್ಲ, ಅವ್ವ ಎಲ್ಲಿ ಮಲಗ್ಬೇಕು?" ಎಂದು ಈಶ್ವರಮ್ಮ ವರ್ಷಗಟ್ಟಲೆ ಕೊರಗಿದ್ದಳು. ಕೊಳವೆಯಿಂದ ಮೊದಲ ಬಾರಿ ಆ ಸದ್ದು ಎದ್ದ ಸಂಜೆ ಅವಳ ಕೊರಗಿಗೆ ಉತ್ತರ ಸಿಕ್ಕಿಹೋಯಿತು. ಮಲಗಲು ಜಾಗವಿಲ್ಲದ ಅವ್ವ, ತನ್ನದೇ ರೋಗ ಹತ್ತಿದ ಮಗನ ಗಂಟಲಿಗೆ ಬಂದು ಸೇರಿಕೊಂಡಿದ್ದಾಳೆ!

ಸುದ್ದಿ ವಠಾರಕ್ಕೆ ಹಬ್ಬಲು ಹೊತ್ತು ಹಿಡಿಯಲಿಲ್ಲ. ಹಿತ್ತಿಲಲ್ಲಿ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ ಶೀಟಿನ ಮನೆಗಳಲ್ಲಿ ಒಂದರಲ್ಲಿದ್ದ ವಸಂತಮ್ಮ, ಒಂದು ಸಂಜೆ ಎಲೆ ಅಡಿಕೆ ಹಿಡಿದು ಬಂದು ಮಂಚದ ಮುಂದೆ ಕೂತಳು. "ಅಜ್ಜೀ, ನನ್ ತಮ್ಮಂಗೆ ಫ್ಯಾಕ್ಟ್ರೀಲಿ ಪರ್ಮನೆಂಟ್ ಆಗುತ್ತಾ?" ಎಂದು ಕೇಳಿದಳು. ಚಿಕ್ಕಬೈರಪ್ಪ ಕಕ್ಕಾಬಿಕ್ಕಿಯಾಗಿ ಅವಳನ್ನು ನೋಡುತ್ತಿದ್ದಂತೆಯೇ ಅವನೊಳಗಿಂದ, ಅವನನ್ನು ಕೇಳದೆಯೇ, "ಹ್ಞೂಂ..." ಬಂತು. ಅದಾದ ಸ್ವಲ್ಪ ದಿನಕ್ಕೆ ತಮ್ಮನಿಗೆ ಪರ್ಮನೆಂಟ್ ಆಗಿಯೇ ಹೋಯಿತು.

"ನನ್ನೊಟ್ಟೇಲಿ ಗ್ಯಾಸ್ ತುಂಬ್ಕೊಂಡಿದ್ದಕ್ಕೆ ಅವನಿಗೆ ಕೆಲ್ಸ ಕಾಯಮ್ಮಾಯ್ತು ನೋಡು ಭಾಗ್ಯ" ಎಂದು ಚಿಕ್ಕಬೈರಪ್ಪ ಪಿಸುದನಿಯಲ್ಲಿ ಹೇಳಿ ನಕ್ಕ. ಕರೆಂಟು ಕೊಟ್ಟ ಮೇಲೆ ಅವನಿಗೆ ಉಳಿದಿದ್ದದ್ದು ಆ ಪಿಸುದನಿ ಮಾತ್ರ. ನಕ್ಕ ಮೇಲೆ ಅವನು ಬಾಗಿಲ ಕಡೆ ನೋಡಿ, ಇನ್ನೂ ತಗ್ಗಿದ ದನಿಯಲ್ಲಿ ಕೇಳಿದ: "ಆದ್ರೆ ಒಂದ್ ಯೋಳು. ಅದು ಬರೀ ಗ್ಯಾಸೇನಾ?"

"ಗ್ಯಾಸೇ ಮಾವ. ಡಾಕ್ಟ್ರು ಹೇಳಿಲ್ವಾ" ಎಂದಳು ಭಾಗ್ಯಮ್ಮ. ಹೇಳುವಾಗ ಅವಳು ಅವನ ಮುಖ ನೋಡಲಿಲ್ಲ.

ಅಲ್ಲಿಂದ ಮುಂದೆ ಸಂಜೆಯಾದರೆ ಹೊಸ್ತಿಲಲ್ಲಿ ಹೆಂಗಸರು ಸೇರತೊಡಗಿದರು. ಕಳೆದುಹೋದ ಎಮ್ಮೆ, ನಿಂತುಹೋದ ಮದುವೆ, ಹುಟ್ಟದ ಮಗು... ಭಾಗ್ಯಮ್ಮ ಅವರ ನಡುವೆಯೇ ಹಾದುಹೋಗಿ ಮಾವನನ್ನು ಎತ್ತಿ ಕೂರಿಸುವಳು. ಸದ್ದು ನಿಲ್ಲುವುದು. ಹೆಂಗಸರು ಹಲ್ಲು ಕಡಿಯುವರು. "ಗಂಜಿ ಸೋಸಿ ಸೋಸಿ ಕೊಟ್ಟು ಮಾವನ್ನ ಕಡ್ಡಿ ಮಾಡವ್ಳೆ. ಈಗ ಅಜ್ಜಿ ಬಾಯೂ ಕಟ್ತಾವ್ಳೆ" ಎಂದು ಅವಳಿಗೆ ಕೇಳುವಂತೆಯೇ ಅಂದರು. ಅವಳು ಒಳಗೆ ಹೋಗಿ ಅಂಬಲಿಯನ್ನು ತೆಳುಬಟ್ಟೆಯಲ್ಲಿ ಹಿಂಡುತ್ತ ಕಣ್ಣೊರೆಸಿಕೊಳ್ಳುವಳು. ಈ ಮನೆಗೆ ಬಂದ ಹೊಸದರಲ್ಲಿ, ತವರು ನೆನೆದು ಅಳುತ್ತಿದ್ದಾಗ, ಸಂತೆಯಿಂದ ಬರುವಾಗ ಪಂಚೆಯ ಮಡಿಲಲ್ಲಿ ಸೀಬೆಹಣ್ಣು ತಂದು ಯಾರಿಗೂ ಕಾಣದಂತೆ ಒಲೆಯ ಪಕ್ಕ ಇಟ್ಟು ಹೋಗುತ್ತಿದ್ದವನು ಈ ಮಾವ. ಅವನ ಕೊಳವೆ ಕಟ್ಟಿಕೊಳ್ಳದಂತೆ, ಅವನ ಎದೆಗೆ ನೀರಿಳಿಯದಂತೆ ಕಾಯುವುದೊಂದೇ ಈಗ ಅವಳಿಗೆ ಉಳಿದ ಕೆಲಸ. ಅದಕ್ಕೆ ಯಾರು ಏನಂದರೂ ಸರಿಯೇ.

ಪಿತೃಪಕ್ಷದ ಅಮಾವಾಸ್ಯೆ ಬಂತು. ಹಿರಿಯರಿಗೆ ಎಡೆ ಇಡುವ ದಿನ. ಸತ್ತವರು ಬದುಕಿದ್ದಾಗ ಇಷ್ಟಪಡುತ್ತಿದ್ದುದನ್ನೆಲ್ಲ ಮಾಡಿ, ಬಾಳೆಲೆಯಲ್ಲಿ ಬಡಿಸಿ, ಹೊಸ ಬಟ್ಟೆಯಿಟ್ಟು, ಸಾಂಬ್ರಾಣಿ ಹಾಕಿ, ಕೋಣೆಯ ಬಾಗಿಲು ಮುಂದಕ್ಕೆಳೆದುಕೊಂಡು ಮನೆಯವರೆಲ್ಲ ಹೊರಗೆ ನಿಲ್ಲುತ್ತಾರೆ. ಹಿರಿಯರು ಬಂದು ಉಂಡು ಹೋಗುವವರೆಗೆ ಬಾಗಿಲು ತೆಗೆಯಬಾರದು. ಈಶ್ವರಮ್ಮ ಬೆಳಗಿನಿಂದ ಉಪವಾಸವಿದ್ದು, ತಾನೇ ಕೋಲು ಹಿಡಿದು ಮುದ್ದೆ ತಿರುವಿದಳು, ಕೋಳಿಸಾರು ಮಾಡಿದಳು. ಎಡೆ ಇಡಬೇಕಾದವನು ಮಗ. ಚಿಕ್ಕಬೈರಪ್ಪನನ್ನು ಕೈಹಿಡಿದು ಕರೆತಂದು, ಕುರ್ಚಿ ಹಾಕಿ, ಎಲೆಯ ಮುಂದೆ ಕೂರಿಸಿದಳು.

"ನೀವೆಲ್ಲ ಆಚೆ ನಿಲ್ಲಿ. ಅವ್ವನ ಮಗ ಒಳಗೇ ಇರ್ಲಿ, ಮಗಳೂ ಇರ್ತೀನಿ" ಎಂದು ಒಳಗಿನಿಂದ ಬಾಗಿಲು ಹಾಕಿಕೊಂಡಳು.

ಭಾಗ್ಯಮ್ಮ ಬಾಗಿಲಿಗೆ ಕಿವಿಯಿಟ್ಟಳು. ಒಳಗೆ ಈಶ್ವರಮ್ಮನ ದನಿ, ಎಳೆಗೂಸನ್ನು ರಮಿಸುವಂತೆ... "ಉಣ್ಣವ್ವಾ... ಅಸ್ಕೊಂಡ್ ಓಗಿದ್ಯಲ್ಲ... ಇಕಾ, ಬಾಯ್ ತೆಗಿ..." ಭಾಗ್ಯಮ್ಮ ಬಾಗಿಲಿಗೆ ಕೈ ಹಾಕಿದಳು. ಗೋಪಾಲಪ್ಪ ಅವಳ ಕೈ ಹಿಡಿದ.

"ತಲೆ ಕೆಟ್ಟಿದ್ಯಾ ನಿಂಗೆ? ಎಡೆ ಬಾಗ್ಲು ತೆಗೀತಾರೇನೇ?"

"ಒಳಗೆ ದೊಡ್ಡಮ್ಮ ಏನೋ ಮಾಡ್ತಾವ್ರೆ, ಕೇಳ್ರೀ..."

"ಅಜ್ಜೀನ ಕರೀತಾವ್ರೆ ಕಣೇ. ಸುಮ್ನಿರು."

ಅವಳು ಕೈ ಹಿಂದಕ್ಕೆ ತೆಗೆದಳು. ಬಾಗಿಲು ತೆರೆದಾಗ ಸಾಂಬ್ರಾಣಿಯ ಹೊಗೆ ಮುಖಕ್ಕೆ ರಾಚಿತು. ಎಲೆಯ ಮೇಲಿನ ಮುದ್ದೆ ಒಂದು ಕಡೆ ಮುರಿದಿತ್ತು! "ಅಜ್ಜಿ ಬಂದವ್ಳೆ! ಅಜ್ಜಿ ಉಂಡವ್ಳೆ!" ಎಂದು ನೆರೆದವರೆಲ್ಲ ಕೈಮುಗಿದರು. ಚಿಕ್ಕಬೈರಪ್ಪ ಮಾತ್ರ ಯಾವುದೋ ದೂರದ ಊರಿಗೆ ಹೋಗಿ ಬಂದವನಂತೆ, ಕಣ್ಣು ತುಂಬಿಕೊಂಡು ನಗುತ್ತ ಕೂತಿದ್ದ. ಅವನ ಕೆಳದುಟಿಯ ಮೇಲೆ ರಾಗಿಮುದ್ದೆಯ ಒಂದು ಚೂರು ಅಂಟಿದ್ದನ್ನು ಭಾಗ್ಯಮ್ಮ ಕಂಡಳು.

ಆ ಸಂಜೆ ಸೈರನ್ನುಗಳು ಕೂಗಿ ನಿಂತವು. ಮಾವನ ಮೈ ಎಂದಿನಂತೆ ಜಾರಿತು. ಹೊಸ್ತಿಲಲ್ಲಿ ಹೆಂಗಸರು ಉಸಿರು ಬಿಗಿಹಿಡಿದು ಕಾದರು. ಸದ್ದಿಲ್ಲ... ಏನೂ ಇಲ್ಲ. ಈಶ್ವರಮ್ಮನ ಮುಖ ಅರಳಿತು. "ನೋಡಿದ್ರಾ? ಒಟ್ಟೆ ತುಂಬ್ತು, ಅವ್ವ ಸುಮ್ಕಾದ್ಲು" ಎಂದಳು. ಎಲ್ಲರೂ ತೃಪ್ತಿಯಿಂದ ಎದ್ದು ಹೋದರು.

ಭಾಗ್ಯಮ್ಮನೊಬ್ಬಳು ಆ ಮೌನಕ್ಕೆ ನಡುಗಿಹೋದಳು. ಇಷ್ಟು ದಿನ ಆ ಸದ್ದಿಗೆ ಹೆದರಿದ್ದಳು. ಅದಕ್ಕಿಂತ ಭಯಂಕರವಾದದ್ದು ಇದೆಂದು ಈಗ ಗೊತ್ತಾಯಿತು. ಮೈ ಇಷ್ಟು ಜಾರಿದೆ, ಒಳಗಿನ ಬಾಗಿಲು ತೆರೆದೇ ಇದೆ, ಆದರೂ ಗಾಳಿ ಮೇಲೆ ಬರುತ್ತಿಲ್ಲವೆಂದರೆ ದಾರಿ ಕಟ್ಟಿದೆ! ಓಡಿಹೋಗಿ ಗೋಲಿ ಸೋಡಾ ತಂದು, ಒಡೆದು, ಬಟ್ಟಲಿನಲ್ಲಿ ಒಂದು ಗುಟುಕು ಕುಡಿಸಿದಳು. ಅದು ಇಳಿಯಲಿಲ್ಲ. ಸ್ವಲ್ಪ ಹೊತ್ತು ಎದೆಯಲ್ಲೇ ನಿಂತಿದ್ದು, ಮೂಗು ಬಾಯಿಯಿಂದ ನೊರೆನೊರೆಯಾಗಿ ವಾಪಸ್ಸು ಬಂತು. ಎಂಜಲು ಕೂಡ ಇಳಿಯದೆ ತುಟಿಯಂಚಿನಿಂದ ಎಳೆಯಾಗಿ ಜೋತುಬಿತ್ತು.

"ಮಾವ! ಏನು ತಿಂದ್ರಿ? ನಿಜ ಹೇಳಿ!"

ಚಿಕ್ಕಬೈರಪ್ಪ ಅಕ್ಕನ ಕಡೆ ನೋಡಿದ. ಆಮೇಲೆ ಸೊಸೆಯ ಕಡೆ ತಿರುಗಿ ಪಿಸುಗುಟ್ಟಿದ. "ನಾನೇ ತಿಂದೆ ಭಾಗ್ಯ... ಆಸೆ ಆಯ್ತು. ಅಕ್ಕನ್ನ ಏನೂ ಅನ್ಬೇಡ..."

ಬಾಡಿಗೆ ಮನೆಯ ದಾಸಪ್ಪನ ಆಟೋದಲ್ಲಿ ಆಸ್ಪತ್ರೆಗೆ ಹೋದರು. ದಾರಿಯುದ್ದಕ್ಕೂ ಚಿಕ್ಕಬೈರಪ್ಪ ಟವಲಿಗೆ ಉಗುಳುತ್ತ, ಕೆಮ್ಮುತ್ತ, ಸೊಸೆಯ ಭುಜಕ್ಕೆ ಆನಿಕೊಂಡಿದ್ದ. ಹುಬ್ಬಳ್ಳಿಯ ಡಾಕ್ಟರು ಅರಿವಳಿಕೆ ಕೊಡಿಸಿ, ಉದ್ದನೆಯ ನಳಿಕೆ ಇಳಿಸಿ, ಕೊಳವೆಯ ಬಾಯಲ್ಲಿ ಗುಂಡಿನಂತೆ ಕೂತಿದ್ದುದನ್ನು ಚೂರುಚೂರಾಗಿ ತೆಗೆದರು. ಹೊರಗೆ ಬಂದಾಗ ಅವರ ಹಣೆ ಬೆವೆತಿತ್ತು.

"ಏನ್ ಕೊಟ್ಟಿದ್ರಿ ಇವರಿಗೆ?"

"ಮುದ್ದೆ ಸಾರ್" ಎಂದ ಗೋಪಾಲಪ್ಪ.

"ರಾಗೀದ? ಮೆತ್ತಗ ಇರ್ತದಲ್ಲ ಅದು? ಸಣ್ಣಂಗ ಅಗದು ತಿಂದಿದ್ರ ಹಿಂಗ ಆಗ್ತಿದ್ದಿಲ್ಲ. ಯಾಕ ಅಗೀಲಿಲ್ಲ?"

ಗೋಪಾಲಪ್ಪ ಪಿಳಿಪಿಳಿ ನೋಡಿದ. "ಮುದ್ದೆ ಯಾರ್ ಸಾರ್ ಅಗೀತಾರೆ? ನುಂಗೋದಲ್ವಾ?"

"ನುಂಗೋದ...? ಇಡೀ ತುತ್ತ?" ಎಂದು ಡಾಕ್ಟರು ತಮ್ಮಷ್ಟಕ್ಕೇ ಅಂದುಕೊಂಡು ಬೆಂಚಿನ ಮೇಲೆ ಕೂತರು. "ನಮ್ಮ ಕಡೆ ಅದು ಇಲ್ರೀ. ಚಪಾತಿ ಬ್ಯಾಡ ಅಂದೆ, ಬ್ರೆಡ್ಡು ಬ್ಯಾಡ ಅಂದೆ... ಇದನ್ನ ಹೇಳಬೇಕು ಅಂತ ನನಗ ಹೊಳೀಲೇ ಇಲ್ಲ."

ಮೂಲೆಯಲ್ಲಿ ಮುದುಡಿಕೊಂಡಿದ್ದ ಈಶ್ವರಮ್ಮ ಆಗ ಬಾಯಿಬಿಟ್ಟಳು. "ಮೆತ್ತಗಿರೋದು ಕೊಡಿ ಅಂದಿದ್ರಲ್ಲ ಸ್ವಾಮಿ... ಮುದ್ದೆಗಿಂತ ಮೆತ್ತಗಿರೋದು ಇನ್ನೇನೈತೆ? ನಾನು ಅದ್ನೇ ಕೊಟ್ಟು ಬೆಳೆಸ್ದೋಳು..."

"ಬೆಳೆಸ್ದೆ! ಈಗ ಸಾಯ್ಸೋಕೂ ನೀನೇ ನಿಂತ್ಕೊಂಡ್ಯಲ್ಲ ಅತ್ತೆ!" ಗೋಪಾಲಪ್ಪ ಕಾರಿಡಾರೆಲ್ಲ ತಿರುಗಿ ನೋಡುವಂತೆ ಕಿರುಚಿದ. "ಅಜ್ಜಿ ಅಜ್ಜಿ ಅಂತ ಅಪ್ಪನ ಗಂಟ್ಲಿಗೇ ಗುಂಡು ಜಡಿದ್ಯಲ್ಲ! ಇನ್ಮೇಲೆ ನೀನು ಅಪ್ಪನ ಹತ್ರ ಬರಕೂಡ್ದು!"

ಈಶ್ವರಮ್ಮ ತನ್ನ ಬಲಗೈಯನ್ನು ಮುಂದೆ ಹಿಡಿದು, ಅದು ಬೇರೆ ಯಾರದೋ ಕೈ ಎಂಬಂತೆ ನೋಡಿಕೊಂಡಳು.

ಮನೆಗೆ ಕಳಿಸುವಾಗ ಡಾಕ್ಟರು ಭಾಗ್ಯಮ್ಮನನ್ನು ಬದಿಗೆ ಕರೆದರು. ಕೊಳವೆ ಜಾರಿತ್ತು, ಸರಿಮಾಡಿ ಕೂರಿಸಿದ್ದೇನೆ. ಗೋಡೆ ತೆಳ್ಳಗಾಗಿದೆ, ಇನ್ನೊಮ್ಮೆ ಕೈಹಾಕಲು ಬರುವುದಿಲ್ಲ. ಎಡಗಡೆಯ ಶ್ವಾಸಕೋಶ ಈಗಾಗಲೇ ಕೆಟ್ಟಿದೆ ಎಂದರು. "ಒಂದು ಸಲ ಸೈತ ಹಿಂದಕ್ಕ ಒರಗಿಸಬ್ಯಾಡಮ್ಮ. ಇನ್ನ ತಡಕೊಳ್ಳೋ ಶಕ್ತಿ ಆ ಎದಿಗಿಲ್ಲ."

ಮನೆಗೆ ಬಂದ ಮೇಲೆ ಭಾಗ್ಯಮ್ಮ ಮಾವನನ್ನು ಗೋಡೆಯ ಆಸರೆಯಲ್ಲಿ ನೆಟ್ಟಗೆ ಕೂರಿಸಿ, ಸೊಂಟಕ್ಕೆ ಸೀರೆಯ ಪಟ್ಟಿ ಸುತ್ತಿ ಕಟ್ಟಿ, ಸಂಜೆಯ ವೇಳೆಗೆ ತಾನೇ ಅವನ ಬೆನ್ನಿಗೆ ಬೆನ್ನು ಕೊಟ್ಟು ಕೂತಳು. ಈಗ ಮೈ ಜಾರಲಿಲ್ಲ. ಸದ್ದೂ ಏಳಲಿಲ್ಲ. ಹೆಂಗಸರು ಬರುವುದು ನಿಂತಿತು. ಆದರೆ ಈಶ್ವರಮ್ಮ ಊಟ ಬಿಟ್ಟಳು. ನಡುಕೋಣೆಯ ಹೊಸ್ತಿಲಾಚೆ, ತಮ್ಮನಿಗೆ ಕಾಣುವಷ್ಟು ದೂರದಲ್ಲಿ, ಗೋಡೆ ಕಡೆ ಮುಖ ಮಾಡಿ ಕೂತಳು. ತಟ್ಟೆ ತಂದಿಟ್ಟರೆ ನೂಕಿದಳು. ನೀರು ಕೊಟ್ಟರೆ ಚೆಲ್ಲಿದಳು. "ಅವ್ವ ಮಾತು ಬಿಟ್ಲು. ನನ್ ಮ್ಯಾಲೆ ಕ್ವಾಪ ಮಾಡ್ಕೊಂಡ್ ಓದ್ಲು" ಎನ್ನುವುದೊಂದೇ ಮಾತು. ಗೋಪಾಲಪ್ಪ ಬಂದು, "ಆಗಿದ್ದಾಯ್ತು, ಏಳು ಅತ್ತೆ" ಎಂದು ಅಂಗಲಾಚಿದರೂ ಅಲುಗಲಿಲ್ಲ. ದಿನದಿಂದ ದಿನಕ್ಕೆ ಅವಳ ಕೆನ್ನೆಗಳು ಒಳಕ್ಕೆ ಹೋದವು. ಹೊರಗೆ ಆ ಯಂತ್ರ ಧಡ್... ಧಡ್... ಎನ್ನುವಾಗ ಗೋಡೆಗೆ ಕಿವಿಯಿಟ್ಟು ಏನನ್ನೋ ಕೇಳಿಸಿಕೊಳ್ಳುವಳು. ಅವಳ ಕಡೆಯೇ ನೋಡುತ್ತಿದ್ದ ಚಿಕ್ಕಬೈರಪ್ಪನೂ ಅಂಬಲಿಯ ಬಟ್ಟಲು ಬಂದರೆ ಮುಖ ತಿರುಗಿಸತೊಡಗಿದ. ಅಕ್ಕ ಉಣ್ಣದೆ ಅವನು ಉಂಡವನಲ್ಲ.

ಒಂದು ಮುಸ್ಸಂಜೆ ಈಶ್ವರಮ್ಮ ತೆವಳಿಕೊಂಡು ಒಳಗೆ ಬಂದಳು. ಮಂಚದ ಮುಂದೆ ನೆಲಕ್ಕೆ ಹಣೆಯಿಟ್ಟಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಭಾಗ್ಯಮ್ಮ ಮಾವನ ಹಿಂದೆ ಕೂತು, ಎರಡೂ ಅಂಗೈಗಳಿಂದ ಅವನ ಬೆನ್ನನ್ನು ಎತ್ತಿಹಿಡಿದಿದ್ದಳು.

"ಅವ್ವಾ... ಇವನ್ನ ನನ್ ಕೈಗಾಕಿ ಓಗಿದ್ದೆ. ಸಾಕಿ ಸಲಹವ್ವ ಅಂದಿದ್ದೆ. ನಾನು... ಈ ಕೈಯಿಂದಾನೇ..." ದನಿ ಒಡೆಯಿತು. "ನನ್ ಮ್ಯಾಲೆ ಕ್ವಾಪವೇನವ್ವಾ?"

ಮೌನ.

"ಕ್ವಾಪ ಇಲ್ವಾ? ಅಂಗಾದ್ರೆ... ಮನ್ನಿಸ್ದೇನವ್ವಾ? ಒಂದೇ ಒಂದ್ ಸಲ ಹ್ಞೂಂ ಅನ್ನು. ಅಂದ್ರೆ ಈ ಜೀವಕ್ಕೆ ನೀರು ಆಕ್ತೀನಿ. ಇಲ್ದಿದ್ರೆ ಇಂಗೇ ಓಗ್ತೀನಿ..."

ಮೌನ. ಈಶ್ವರಮ್ಮ ತಲೆಯೆತ್ತಿ, ಪೊರೆ ಬಂದ ಕಣ್ಣುಗಳಿಂದ ತಮ್ಮನ ಮುಚ್ಚಿದ ಬಾಯನ್ನೇ ನೋಡುತ್ತಿದ್ದಳು. ಆ ನೋಟವನ್ನು ಭಾಗ್ಯಮ್ಮ ತಾಳಲಾರದೆ ಮುಖ ಮರೆಸಿಕೊಂಡಳು. ಅಷ್ಟರಲ್ಲಿ ಅವಳ ಮಣಿಕಟ್ಟನ್ನು ಯಾರೋ ಹಿಡಿದರು. ಚಿಕ್ಕಬೈರಪ್ಪ! ತೋಳನ್ನು ಹಿಂದಕ್ಕೆ ತಂದು, ಮೂಳೆಯಷ್ಟೇ ಉಳಿದಿದ್ದ ಬೆರಳುಗಳಿಂದ ಅವಳ ಕೈಯನ್ನು ಮೆಲ್ಲಗೆ ಕೆಳಕ್ಕೆ ಒತ್ತಿದ. ಇಳಿಸು...

ಅವಳು ತಲೆಯಾಡಿಸಿದಳು. ಆಗುವುದಿಲ್ಲ ಮಾವ! ಡಾಕ್ಟರು ಹೇಳಿದ್ದು ಕಿವಿಯಲ್ಲಿ ಕೂಗುತ್ತಿತ್ತು. ಮತ್ತೆ ಒತ್ತಿದ. ಅವನು ತಿರುಗಿ ನೋಡಲಿಲ್ಲ, ಪಿಸುಗುಟ್ಟಲೂ ಇಲ್ಲ. ಅವನ ಬೆನ್ನು ಅವಳ ಅಂಗೈಯೊಳಗೆ ಅಳುತ್ತಿತ್ತು, ಅಷ್ಟೇ. ಎಷ್ಟು ಜೋಪಾನವಾಗಿ ಕಾಯ್ದ ಜೀವ! ಎಷ್ಟು ಬೈಗುಳ ತಿಂದು ಎತ್ತಿಹಿಡಿದ ಬೆನ್ನು! ಅವಳನ್ನು ಕಂಡರಾಗದ ಆ ಮುದುಕಿಯ ಸಮಾಧಾನಕ್ಕಾಗಿ ಇದನ್ನು ಬಿಟ್ಟುಕೊಡಬೇಕೆ? ಭಾಗ್ಯಮ್ಮ ಹಲ್ಲು ಕಚ್ಚಿ ಕಣ್ಣು ಮುಚ್ಚಿದಳು. ಕೈಗಳನ್ನು ಒಂದು ಗೇಣಿನಷ್ಟು ಹಿಂದಕ್ಕೆ ತಂದಳು.

"ಹ್ಞೂಂ..."

"ಅವ್ವಾ!" ಈಶ್ವರಮ್ಮ ತಮ್ಮನ ಪಾದಗಳನ್ನು ಅಪ್ಪಿಕೊಂಡು, ಹುಟ್ಟಿದಾಗಿನಿಂದ ತಡೆದಿಟ್ಟದ್ದೆಲ್ಲ ಒಡೆದಂತೆ ಗೋಳೋ ಎಂದು ಅತ್ತಳು. ಭಾಗ್ಯಮ್ಮ ತಟ್ಟನೆ ಮಾವನನ್ನು ನೆಟ್ಟಗೆ ಎತ್ತಿದಳು. ಅವನಿಗೆ ಕೆಮ್ಮು ಒತ್ತರಿಸಿ ಬಂತು. ಕಣ್ಣು ಮೇಲಕ್ಕೆ ಸಿಕ್ಕಿ, ಮುಖ ಕಪ್ಪಿಟ್ಟು, ಆಮೇಲೆ ನಿಧಾನವಾಗಿ ಉಸಿರು ಹತೋಟಿಗೆ ಬಂತು. ಅವನು ನೆಟ್ಟಗೆ ಕೂತಿದ್ದ. ಅವಳ ಎರಡೂ ಕೈ ಅವನ ಬೆನ್ನಿಗಿದ್ದವು. ಹೊರಗಿನ ಯಂತ್ರ ಆ ಹೊತ್ತಿಗೆ ನಿಂತಿತ್ತು. ಎಲ್ಲೆಲ್ಲೂ ಸದ್ದಡಗಿದ ಆ ಗಳಿಗೆಯಲ್ಲಿ ಮತ್ತೊಮ್ಮೆ, ಯಾರೂ ಏನನ್ನೂ ಕೇಳದಿರುವಾಗ, ಮೊದಲಿನದಕ್ಕಿಂತ ನೀಳವಾಗಿ, ದಣಿದ ಹೆಂಗಸೊಬ್ಬಳು ಗೋಡೆಗೊರಗಿ ಕೂತು ನಿಟ್ಟುಸಿರಿಟ್ಟಂತೆ...

"ಹ್ಞೂಂ..."

ಚಿಕ್ಕಬೈರಪ್ಪ ನಿಧಾನವಾಗಿ ಕತ್ತು ತಿರುಗಿಸಿ ಭಾಗ್ಯಮ್ಮನನ್ನು ನೋಡಿ, ನಾನಲ್ಲವೆಂಬಂತೆ ತಲೆಯಾಡಿಸಿದ.

ಈಶ್ವರಮ್ಮ ಎದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು ಅಡುಗೆಮನೆಯ ಕಡೆ ಹೋದವಳು, ಬಾಗಿಲಲ್ಲಿ ನಿಂತು, ಮದುವೆಯಾಗಿ ಬಂದಂದಿನಿಂದ ಭಾಗ್ಯಮ್ಮ ಕೇಳಿರದ ಮೆತ್ತನೆಯ ದನಿಯಲ್ಲಿ ಕರೆದಳು. "ಭಾಗ್ಯ... ಆ ಅಂಬ್ಲಿ ಎಂಗೆ ಸೋಸೋದು ಅಂತ ತೋರ್ಸವ್ವ. ನನ್ ತಮ್ಮಂಗೆ ನಾನು ಕುಡಿಸ್ತೀನಿ."

ಅಂದು ಈಶ್ವರಮ್ಮ ಕುಡಿಸಿದಳು, ಚಿಕ್ಕಬೈರಪ್ಪ ಬಟ್ಟಲು ಖಾಲಿ ಮಾಡಿದ. ಮಾರನೆಯ ಬೆಳಿಗ್ಗೆ ಅವನ ಮೈ ಸುಡುತ್ತಿತ್ತು. ಎದೆಯಲ್ಲಿ ಕಫದ ಗೊರಗೊರ. ಎದೆಗೆ ನೀರಿಳಿದಿದೆ ಎಂದರು ಡಾಕ್ಟರು. "ಮಲಗಿಸಿದ್ರೇನು?" ಎಂದು ಕೇಳಿದರು. ಗೋಪಾಲಪ್ಪ ಹೆಂಡತಿಯ ಮುಖ ನೋಡಿದ.

"ನನ್ ಕೈ ಜಾರ್ತು ಸಾರ್" ಎಂದಳು ಭಾಗ್ಯಮ್ಮ. ನಿಜ ಹೇಳಿದರೆ ಈಶ್ವರಮ್ಮನಿಗೆ ಸಿಕ್ಕ ಆ ಒಂದು ಮಾತು ಸುಳ್ಳಾಗಿಬಿಡುತ್ತಿತ್ತು. ಗಂಡ ಅವಳೊಡನೆ ಮಾತು ಬಿಟ್ಟ. ಅವಳು ಅದನ್ನೂ ಸಹಿಸಿಕೊಂಡಳು. ಔಷಧಿ, ಇಂಜೆಕ್ಷನ್ನು ಎಲ್ಲ ನಡೆದವು. ಕಾರ್ತಿಕ ಮುಗಿಯುವ ಮೊದಲೇ ಚಿಕ್ಕಬೈರಪ್ಪ ಕೂತಲ್ಲೇ, ಅಕ್ಕನ ಭುಜಕ್ಕೆ ತಲೆಯಾನಿಸಿಕೊಂಡು, ಜೀವ ಬಿಟ್ಟ.

ಗುಡ್ಡೆಗೆ ಹಾಲುತುಪ್ಪ ಬಿಟ್ಟ ದಿನ ವಠಾರದ ಹೆಂಗಸರೆಲ್ಲ ಸೇರಿದ್ದರು. ವಸಂತಮ್ಮ ಪಕ್ಕದವಳ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ, "ಸೊಸೆ ಕೈ ಜಾರಿಸಿದ್ಲಂತೆ. ಬೇಕಂತ್ಲೇ ಜಾರಿಸಿದ್ಲೋ ಏನೋ, ಕಂಡೋರ್ಯಾರು" ಎಂದಳು.

ಮೂಲೆಯಲ್ಲಿದ್ದ ಈಶ್ವರಮ್ಮ ಸಿಡಿದೆದ್ದಳು. "ಏಯ್! ನನ್ ಸೊಸೆ ಕೈ ಸುದ್ದಿಗ್ ಬಂದ್ರೆ ನಾಲ್ಗೆ ಸುಟ್ಟುಬಿಡ್ತೀನಿ! ಆ ಕೈಯಿಂದ ನನ್ ತಮ್ಮ ಇಷ್ಟು ದಿನ ಉಸಿರಾಡ್ದ. ಎದ್ದೋಗಿ ಎಲ್ಲಾ!" ಹೆಂಗಸರು ಬೆದರಿ, ಚೊಂಬು ತಟ್ಟೆ ಎತ್ತಿಕೊಂಡು ಒಬ್ಬೊಬ್ಬರಾಗಿ ಕರಗಿದರು. ಬಾಗಿಲಲ್ಲಿ ನಿಂತಿದ್ದ ಗೋಪಾಲಪ್ಪ ತಲೆ ತಗ್ಗಿಸಿದ.

ಎಲ್ಲರೂ ಹೋದ ಮೇಲೆ ಅತ್ತೆ ಸೊಸೆ ಇಬ್ಬರೇ ಉಳಿದರು. ಈಶ್ವರಮ್ಮ ಬಂದು ಭಾಗ್ಯಮ್ಮನ ಪಕ್ಕದಲ್ಲಿ ಕೂತಳು.

"ಮೊದಲ್ನೇ ಸಲ ನೀನು ಇಳಿಸ್ದೆ" ಎಂದಳು ಈಶ್ವರಮ್ಮ. ಭಾಗ್ಯಮ್ಮ ಬೆಚ್ಚಿ ತಿರುಗಿದಳು. "ಕಣ್ಣಿಗೆ ಪೊರೆ ಬಂದೈತೆ ಕಣವ್ವ, ಕುರುಡಾಗಿಲ್ಲ. ನೋಡ್ದೆ. ನೋಡಿಯೂ ಅವ್ವ ಅಂದ್ಳು ಅನ್ಕೊಂಡೆ. ಅಷ್ಟು ಬೇಕಾಗಿತ್ತು ನಂಗೆ..." ಮುದುಕಿ ದನಿ ತಗ್ಗಿಸಿ ಕೇಳಿದಳು. "ಎಲ್ಡನೇ ಸಲ?"

"ನಾನಲ್ಲ ದೊಡ್ಡಮ್ಮ" ಎಂದಳು ಭಾಗ್ಯಮ್ಮ. "ಆಗ ಮಾವ ನೆಟ್ಟಗೇ ಕೂತಿದ್ರು."

ಈಶ್ವರಮ್ಮ ಸೊಸೆಗೆ ಇನ್ನಷ್ಟು ಹತ್ತಿರ ಸರಿದು ಕೂತಳು.